ರಿಸರ್ವ್ ಕಟ್ಟುವ ಮೇಜಿನಿಂದ ನೋಡಿದರೆ

ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವ ಸ್ಕೈಡೈವರ್‌ಗಳ ನಡುವೆ ವಾದ ನಡೆಯುವುದೆಲ್ಲ ದೊಡ್ಡ ವಸ್ತುಗಳ ಬಗ್ಗೆ. ಯಾವ ಕಂಪನಿಯ ಕ್ಯಾನಪಿ, ಅಂದರೆ ಪ್ಯಾರಾಚೂಟ್‌ನ ಬಟ್ಟೆ, ಚೆನ್ನಾಗಿ ತೆರೆದುಕೊಳ್ಳುತ್ತದೆ, ಎಷ್ಟು ಚಿಕ್ಕ ಕ್ಯಾನಪಿಗೆ ಇಳಿಯಬಹುದು, ಯಾವ ಕಂಟೇನರ್ ಬೆನ್ನಿಗೆ ಚೆಂದ ಕೂರುತ್ತದೆ. ಜಂಪ್ ಶುರು ಮಾಡಿದ ಹೊಸದರಲ್ಲಿ ನಾನೂ ಇದೇ ಮಾತುಗಳ ನಡುವೆ ಬೆಳೆದೆ. ಪ್ಯಾರಾಚೂಟ್ ಪರೀಕ್ಷಿಸಿ ಕಟ್ಟುವ ರಿಗ್ಗರ್ ಆದ ಮೇಲೆ ಕಣ್ಣು ಬೇರೆ ಕಡೆ ಹೋಗತೊಡಗಿತು. ಕಂಟೇನರ್ ಮುಚ್ಚುವ ಬೆರಳುದ್ದದ ಒಂದು ದಾರದ ಲೂಪ್, ಒಂದು ರಬ್ಬರ್ ಬ್ಯಾಂಡ್, ಪ್ಯಾರಾಚೂಟ್ ಕಳಚುವ ಹಳದಿ ಕೇಬಲ್ಲಿನ ತುದಿ, ಕ್ಯಾನಪಿ ತಿರುಗಿಸುವ ಬ್ರೇಕ್ ಲೈನಿನಲ್ಲಿರುವ ಸಣ್ಣ ಕಣ್ಣು. ನನ್ನ ಮೇಜಿಗೆ ಬರುವ ತೊಂದರೆ ಹುಟ್ಟುವುದು ಜಾಸ್ತಿ ಇಲ್ಲೇ. ಇವುಗಳ ಬಗ್ಗೆ ಯಾರೂ ವಾದ ಮಾಡುವುದಿಲ್ಲ. ಅದಕ್ಕೇ ಬರೆಯೋಣ ಅನ್ನಿಸಿತು.

ನಾನಿರುವುದು ಅಮೆರಿಕದ ಅರಿಜೋನಾದಲ್ಲಿ. ವಾರವಿಡೀ ಚಾಂಡ್ಲರ್‌ನಲ್ಲಿ ಕಂಪ್ಯೂಟರ್ ಕೆಲಸ, ಶನಿವಾರ ಭಾನುವಾರ ಈಲಾಯ್ ಕಡೆ. ಫೀನಿಕ್ಸ್ ಮತ್ತು ಟೂಸಾನ್ ನಡುವಿನ ಮರುಭೂಮಿಯಲ್ಲಿರುವ ಈ ಪುಟ್ಟ ಊರು ಸ್ಕೈಡೈವಿಂಗ್‌ಗೆ ಹೆಸರುವಾಸಿ. ಉತ್ತರದ ರಾಜ್ಯಗಳಲ್ಲಿ ಹಿಮ ಬಿದ್ದು ಜಂಪ್ ನಿಂತಾಗ ಜನ ಇಲ್ಲಿಗೆ ಬರುತ್ತಾರೆ. ಹಾಗಾಗಿ ಚಳಿಗಾಲದಲ್ಲಿ ರಿಗ್ಗರ್‌ಗಳಿಗೆ ಬಿಡುವೇ ಇರುವುದಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬೆನ್ನಿಗೆ ಹಾಕಿಕೊಳ್ಳುವ ಕಂಟೇನರ್‌ನಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ. ಕೆಳಗಿನದು ಪ್ರತಿ ಜಂಪ್‌ಗೂ ಬಳಸುವ ಮೇನ್, ಮೇಲಿನದು ಅದು ಕೈಕೊಟ್ಟರೆ ಬಳಸುವ ರಿಸರ್ವ್. ಮೇನನ್ನು ಮುಂದಿನ ಜಂಪ್ ಮಾಡುವವರೇ ಮಡಚಿಕೊಳ್ಳಬಹುದು. ದುಡ್ಡು ಕೊಟ್ಟು ಪ್ಯಾಕರ್ ಕೈಯಲ್ಲಿ ಮಾಡಿಸಿದರೆ, ಆ ಪ್ಯಾಕರ್ ಒಬ್ಬ ರಿಗ್ಗರ್ ಉಸ್ತುವಾರಿಯಲ್ಲಿ ಕೆಲಸ ಮಾಡಬೇಕು. ರಿಸರ್ವ್ ವಿಷಯ ಬೇರೆ. ಎಫ್‌ಎಎ, ಅಂದರೆ ಇಲ್ಲಿನ ವಿಮಾನಯಾನ ಇಲಾಖೆ, ಸರ್ಟಿಫಿಕೇಟ್ ಕೊಟ್ಟ ರಿಗ್ಗರ್ ಮಾತ್ರ ಅದನ್ನು ಕಟ್ಟಬೇಕು.

ಆ ಸರ್ಟಿಫಿಕೇಟ್‌ಗೆ 18 ವರ್ಷ ತುಂಬಿರಬೇಕು. ಒಬ್ಬ ರಿಗ್ಗರ್ ಎದುರಿಗೆ ಕೂತು ಕನಿಷ್ಠ 20 ಪ್ಯಾರಾಚೂಟ್ ಕಟ್ಟಿರಬೇಕು. ಆಮೇಲೆ ಬರೆಯುವ ಪರೀಕ್ಷೆ, ಬಾಯಿ ಪರೀಕ್ಷೆ, ಕೈಕೆಲಸದ ಪರೀಕ್ಷೆ. ಹೀಗೆ ಆಗುವುದು ಸೀನಿಯರ್ ರಿಗ್ಗರ್. ಸಣ್ಣಪುಟ್ಟ ರಿಪೇರಿ ಮಾಡಬಹುದು. ಹಾರ್ನೆಸ್, ಅಂದರೆ ಮೈಗೆ ಬಿಗಿಯುವ ಪಟ್ಟಿಗಳನ್ನು, ಬಿಚ್ಚಿ ಹೊಲಿಯುವಂಥ ದೊಡ್ಡ ಕೆಲಸಕ್ಕೆ ಮಾಸ್ಟರ್ ರಿಗ್ಗರ್ ಬೇಕು, ಅದಕ್ಕೆ 3 ವರ್ಷದ ಅನುಭವ ಕೇಳುತ್ತಾರೆ. ನನಗೆ ಕಲಿಸಿದವರು ವಯಸ್ಸಾದ ಮಾಸ್ಟರ್ ರಿಗ್ಗರ್. ನಾನು ಗಂಟೆಗಟ್ಟಲೆ ಕೂತು ಕಟ್ಟಿದ ರಿಸರ್ವನ್ನು ಅವರು ಒಂದು ಕ್ಷಣದಲ್ಲಿ ಹ್ಯಾಂಡಲ್ ಎಳೆದು ಬಿಚ್ಚುತ್ತಿದ್ದರು. ಚೆನ್ನಾಗಿ ಕಟ್ಟಿದ್ದರೂ ಬಿಚ್ಚುತ್ತಿದ್ದರು. ಬಿಚ್ಚಿಕೊಳ್ಳುವುದೇ ಅದರ ಕೆಲಸ ಅನ್ನುವುದು ನನ್ನ ತಲೆಗೆ ಹೋಗಿದ್ದು ಹಾಗೆ.

ಈಗ ಒಂದು ರಿಸರ್ವ್ ನನ್ನ ಮೇಜಿಗೆ ಬಂದರೆ ಏನು ಮಾಡುತ್ತೇನೆ ಹೇಳುತ್ತೇನೆ.

ಮೊದಲು ಮಾಲೀಕರಿಗೆ ಆ ರಿಗ್ಗನ್ನು, ಅಂದರೆ ಕಂಟೇನರ್, ಪ್ಯಾರಾಚೂಟ್ ಸೇರಿದ ಇಡೀ ಸೆಟ್ಟನ್ನು, ಹಾಕಿಕೊಳ್ಳಲು ಹೇಳುತ್ತೇನೆ. ಪಟ್ಟಿಗಳನ್ನೆಲ್ಲ ಬಿಗಿ ಮಾಡಿಸಿ, ಗಾಳಿಯಲ್ಲಿ ಮಾಡುವ ಹಾಗೇ ಹ್ಯಾಂಡಲ್ ನೋಡಿ, ಹಿಡಿದು, ಎಳೆಯಿರಿ ಅನ್ನುತ್ತೇನೆ. ಎಷ್ಟೋ ಜನ ತಮ್ಮ ರಿಸರ್ವ್ ಹ್ಯಾಂಡಲನ್ನು ಜೀವನದಲ್ಲಿ ಮೊದಲ ಸಲ ಎಳೆಯುವುದು ನನ್ನ ಎದುರಿಗೇ. ಇದಕ್ಕೆ 22 ಪೌಂಡ್, ಅಂದರೆ ಸುಮಾರು 10 ಕಿಲೋಗಿಂತ ಜಾಸ್ತಿ ಬಲ ಬೇಕಾಗಬಾರದು. ಪಿನ್ ಜಾರಿದ ತಕ್ಷಣ ಒಳಗಿನ ಸ್ಪ್ರಿಂಗ್ ಪೈಲಟ್ ಚೂಟನ್ನು, ಅಂದರೆ ಕ್ಯಾನಪಿಯನ್ನು ಎಳೆದು ತೆಗೆಯುವ ಪುಟ್ಟ ಪ್ಯಾರಾಚೂಟನ್ನು, ಹೊರಗೆ ನೆಗೆಸುತ್ತದೆ. ಜೋರಾಗಿ ನೆಗೆಯಬೇಕು. ಸುಮ್ನೆ ಮಗ್ಗುಲಿಗೆ ವಾಲಿಕೊಂಡರೆ ಯಾಕೆ ಅಂತ ಹುಡುಕಬೇಕು.

ಆಮೇಲೆ ಕಾಗದಪತ್ರ. ಹಿಂದಿನ ರಿಗ್ಗರ್ ಸಹಿ ಮಾಡಿದ ಕಾರ್ಡ್, ಕ್ಯಾನಪಿ ಮತ್ತು ಕಂಟೇನರ್‌ನ ಸೀರಿಯಲ್ ನಂಬರ್, ಕಂಪನಿಗಳು ಹೊರಡಿಸಿದ ಸೂಚನೆಗಳು. ಕೆಲವು ರಿಸರ್ವ್‌ಗಳ ಲೇಬಲ್ ಮೇಲೆ ಸಾಲಾಗಿ ಪುಟ್ಟ ಚೌಕಗಳಿರುತ್ತವೆ. ಪ್ರತಿ ಸಲ ಕಟ್ಟಿದಾಗ ಒಂದಕ್ಕೆ ಗುರುತು ಹಾಕಬೇಕು. ಚೌಕ ಮುಗಿದರೆ ಕ್ಯಾನಪಿ ಪರೀಕ್ಷೆಗೆ ಕಂಪನಿಗೆ ಹೋಗಬೇಕು.

ಕ್ಯಾನಪಿಯನ್ನು ನೇತುಹಾಕಿ ಬೆಳಕಿಗೆ ಹಿಡಿದು ನೋಡುವ ಕೆಲಸ ನನಗೆ ತುಂಬಾ ಇಷ್ಟ. ರಿಸರ್ವ್ ಸಾಮಾನ್ಯವಾಗಿ ಏಳು ಸೆಲ್‌ನದು, ಅಂದರೆ ಗಾಳಿ ತುಂಬುವ ಏಳು ಗೂಡುಗಳದು. ಒಂದೊಂದು ಸೆಲ್ ಒಳಗೂ ತಲೆ ಹಾಕಿ ಹೊಲಿಗೆ ನೋಡುತ್ತೇನೆ. ಕ್ಯಾನಪಿಯಿಂದ ಇಳಿಯುವ ಹಗ್ಗಗಳಾದ ಲೈನುಗಳಲ್ಲಿ ಪ್ರತಿಯೊಂದನ್ನೂ ಮೇಲಿನಿಂದ ಕೆಳಗೆ ಬೆರಳಲ್ಲಿ ಸವರುತ್ತಾ ಬರುತ್ತೇನೆ. ಕ್ಯಾನಪಿ ತೆರೆಯುವ ವೇಗ ತಗ್ಗಿಸುವ ಬಟ್ಟೆಯ ತುಂಡಾದ ಸ್ಲೈಡರ್‌ನ ಲೋಹದ ಉಂಗುರಗಳ ಒಳಅಂಚನ್ನು ಉಗುರಿನಿಂದ ಮುಟ್ಟುತ್ತೇನೆ. ಕಣ್ಣಿಗೆ ಕಾಣದ ಚೂಪು ಉಗುರಿಗೆ ಸಿಗುತ್ತದೆ. ತೆರೆದುಕೊಳ್ಳುವಾಗ ಲೈನುಗಳೆಲ್ಲ ಆ ಉಂಗುರಗಳಲ್ಲೇ ಉಜ್ಜಿಕೊಂಡು ಹೋಗುತ್ತವಲ್ಲ, ಅದಕ್ಕೆ.

ಮಡಚುವಾಗ ಲೈನುಗಳನ್ನೆಲ್ಲ ನಡುವೆ ಇಟ್ಟು, ಬಟ್ಟೆಯನ್ನು ಎರಡೂ ಕಡೆ ನೆರಿಗೆ ಹಿಡಿದು, ಸ್ಲೈಡರನ್ನು ಮೇಲಿನ ತಡೆಗೆ ತಾಗುವ ಹಾಗೆ ಇಡಬೇಕು. ಆಮೇಲೆ ಅದು ಫ್ರೀ ಬ್ಯಾಗ್ ಒಳಗೆ ಹೋಗುತ್ತದೆ. ಈ ಚೀಲವನ್ನು ಕ್ಯಾನಪಿಗೆ ಕಟ್ಟಿರುವುದಿಲ್ಲ. ಪೈಲಟ್ ಚೂಟ್‌ನ ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೂ ಕ್ಯಾನಪಿ ಚೀಲ ಬಿಟ್ಟು ಹೊರಬರಲಿ ಅಂತ ಹೀಗೆ ಮಾಡಿದ್ದಾರೆ.

ಕೊನೆಗೆ ಮುಚ್ಚುವ ಕೆಲಸ. ಮಂಡಿಯೂರಿ ಸ್ಪ್ರಿಂಗನ್ನು ಒತ್ತಿ, ಲೂಪನ್ನು ಫ್ಲಾಪ್‌ಗಳ ರಂಧ್ರದಿಂದ ಹಗ್ಗ ಹಾಕಿ ಎಳೆದು, ತಾತ್ಕಾಲಿಕ ಪಿನ್ ಸಿಕ್ಕಿಸಿ, ಒಂದೊಂದೇ ಫ್ಲಾಪ್ ಮುಚ್ಚುತ್ತಾ ಹೋಗಬೇಕು. ಇಲ್ಲಿ ಲೂಪಿನ ಉದ್ದವೇ ಎಲ್ಲ. ಉದ್ದ ಜಾಸ್ತಿಯಾದರೆ ಮುಚ್ಚುವುದು ಸಲೀಸು, ಮೈ ನೋಯುವುದಿಲ್ಲ. ಆದರೆ ಪಿನ್ ಮೇಲೆ ಬಿಗಿ ಇರುವುದಿಲ್ಲ. ವಿಮಾನದ ಬಾಗಿಲ ಹತ್ತಿರ ಪಿನ್ ಜಾರಿ ರಿಸರ್ವ್ ಹೊರಗೆ ಹಾರಿದರೆ ಅದು ಆ ಮನುಷ್ಯನನ್ನು ವಿಮಾನದ ಬಾಲಕ್ಕೆ ಎಳೆದೊಯ್ಯಬಹುದು. ವಿಮಾನದಲ್ಲಿರುವ ಎಲ್ಲರ ಜೀವಕ್ಕೂ ಕುತ್ತು. ಅರ್ಧ ಇಂಚು ದಾರದ ವಿಷಯ ಇದು. ಲೂಪ್ ಉದ್ದವಾಗಿದೆ ಅನ್ನಿಸಿದರೆ ಎಲ್ಲ ಬಿಚ್ಚಿ, ಲೂಪ್ ಬದಲಾಯಿಸಿ, ಮತ್ತೆ ಮೊದಲಿನಿಂದ ಕಟ್ಟುತ್ತೇನೆ.

ಮುಚ್ಚಿದ ಮೇಲೆ ನನ್ನ ಸಾಮಾನು ಎಣಿಸುತ್ತೇನೆ. ಎಷ್ಟು ಪಿನ್, ಎಷ್ಟು ಕ್ಲಿಪ್, ಎಷ್ಟು ಹಗ್ಗ ತೆಗೆದಿದ್ದೆನೋ ಅಷ್ಟೂ ಮೇಜಿನ ಮೇಲೆ ಇರಬೇಕು. ಒಂದು ಕಡಿಮೆಯಾದರೆ ಅದು ರಿಸರ್ವ್ ಒಳಗಿದೆ ಅಂತಲೇ ಲೆಕ್ಕ. ತಾತ್ಕಾಲಿಕ ಪಿನ್‌ಗಳಿಗೆ ಉದ್ದನೆಯ ಕೆಂಪು ಪಟ್ಟಿ ಕಟ್ಟಿರುವುದೂ ಇದಕ್ಕೇ. ಆಮೇಲೆ ಪಿನ್ನಿಗೆ ಸಣ್ಣ ಕೆಂಪು ದಾರ ಸುತ್ತಿ, ಸೀಸದ ಗುಂಡು ಹಾಕಿ, ನನ್ನ ಗುರುತಿನ ಮುದ್ರೆ ಒತ್ತುತ್ತೇನೆ. ಕಾರ್ಡಿಗೆ ತಾರೀಖು, ಸಹಿ.

ಇದು 180 ದಿನಕ್ಕೆ ಒಂದು ಸಲ ಆಗಬೇಕು. 2008ರ ಕೊನೆಯವರೆಗೆ 120 ದಿನ ಇತ್ತು. ರೇಷ್ಮೆಯಂಥ ನೈಸರ್ಗಿಕ ನೂಲಿನ ಪ್ಯಾರಾಚೂಟ್ ಆದರೆ ನಿಯಮದಲ್ಲಿ ಇವತ್ತಿಗೂ 60 ದಿನ. ಇದರ ಬಗ್ಗೆ ಗೊಣಗಾಟ ಇದ್ದೇ ಇದೆ. ಹಾಸನದ ಕಡೆಯ ಒಬ್ಬ ಹುಡುಗ ಇಲ್ಲಿ ಜಂಪ್ ಮಾಡುತ್ತಾನೆ. ಒಂದು ದಿನ ಕೇಳಿದ, "ಅಕ್ಕ, ಆರು ತಿಂಗಳಿಂದ ಅದನ್ನು ಮುಟ್ಟೇ ಇಲ್ಲ. ಸುಮ್ನೆ ಯಾಕೆ ಬಿಚ್ಚಿ ಮತ್ತೆ ಕಟ್ಟಬೇಕು?"

"ಮುಟ್ಟಿಲ್ಲ ಅಂತಾನೇ ಕಣೋ ಬಿಚ್ಚಬೇಕು. ಒಳಗೇನಾಗಿದೆ ಅಂತ ನಿನಗೆ ಹೇಗೆ ಗೊತ್ತು?"

ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚಿದೆ. ಅವನ ಬೆನ್ನಿನ ಬೆವರು, ಇಲ್ಲಿನ ನುಣ್ಣನೆಯ ಧೂಳು, ಕಾರಿನ ಡಿಕ್ಕಿಯ ಬಿಸಿಲು, ಎಲ್ಲದರ ಗುರುತೂ ಇತ್ತು. ಕ್ಯಾನಪಿ ಚೆನ್ನಾಗಿಯೇ ಇತ್ತು. ಆದರೆ ಮೇನ್ ಮುಚ್ಚುವ ಲೂಪ್ ಅರ್ಧದಷ್ಟು ಸವೆದು ಎಳೆ ಎಳೆಯಾಗಿತ್ತು. ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ತಲೆ ಕೆಳಗೆ ಮಾಡಿದರೆ 240 ದಾಟುತ್ತದೆ. ಅವನು ಆಗತಾನೇ ತಲೆ ಕೆಳಗೆ ಹಾರಲು ಕಲಿಯುತ್ತಿದ್ದ. ಆ ವೇಗದಲ್ಲಿ ಲೂಪ್ ತುಂಡಾಗಿ ಮೇನ್ ತಾನಾಗಿ ತೆರೆದರೆ ಕತ್ತಿಗೆ, ಬೆನ್ನಿಗೆ ಆಗುವ ಪೆಟ್ಟು ಸಾಮಾನ್ಯದ್ದಲ್ಲ. ಹೊಸ ಲೂಪ್ ಬೆಲೆ ಏನೇನೂ ಅಲ್ಲ, ಹಾಕಲು ಹತ್ತು ನಿಮಿಷ ಸಾಕು.

ಮೇನ್ ಮಡಚುವ ಬಗ್ಗೆ ಡ್ರಾಪ್ ಝೋನ್‌ನಲ್ಲಿ, ಅಂದರೆ ಜಂಪ್ ಮಾಡುವ ಜಾಗದಲ್ಲಿ, ಒಬ್ಬೊಬ್ಬರದು ಒಂದೊಂದು ಪಂಥ. ಕೆಲವರು ಬಟ್ಟೆಗೆ ಇಸ್ತ್ರಿ ಹಾಕಿದಷ್ಟು ಅಚ್ಚುಕಟ್ಟು ಬಯಸುತ್ತಾರೆ. ಹೊಸ ಕ್ಯಾನಪಿಗಳ ಗಾಳಿ ದಾಟದ ಬಟ್ಟೆ ಕೈಯಿಂದ ಜಾರಿ ಜಾರಿ ಹೋಗುತ್ತದೆ. ಹೊಸಬರು ಅದರ ಜೊತೆ ಗುದ್ದಾಡಿ ಅಳುವಷ್ಟಾಗುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೇ, ಮೇನ್ ತುಂಬಾ ಸಹಿಸಿಕೊಳ್ಳುತ್ತದೆ. ನೆರಿಗೆ ಸೊಟ್ಟಗಾದರೆ ಏನೂ ಆಗುವುದಿಲ್ಲ. ಲೈನುಗಳು ನಡುವೆ ಇರಲಿ, ಸ್ಲೈಡರ್ ಪೂರ್ತಿ ಮೇಲಿರಲಿ, ಬ್ರೇಕ್ ಸರಿಯಾಗಿ ಕೂತಿರಲಿ, ಪೈಲಟ್ ಚೂಟ್ ಕಾಕ್ ಆಗಿರಲಿ, ಅಂದರೆ ಗಾಳಿ ತುಂಬಿಕೊಳ್ಳಲು ಸಜ್ಜಾಗಿರಲಿ. ಕಾಕ್ ಮಾಡದಿದ್ದರೆ ಅದು ಗಾಳಿ ತುಂಬಿಕೊಳ್ಳದೆ ಬೆನ್ನ ಹಿಂದೆ ಸುಮ್ನೆ ಪಟಪಟ ಅನ್ನುತ್ತಾ ಇರುತ್ತದೆ, ಮೇನ್ ಹೊರಬರುವುದೇ ಇಲ್ಲ. ಪೈಲಟ್ ಚೂಟ್ ಪಟ್ಟಿಯ ಕಿಂಡಿಯಲ್ಲಿ ಬಣ್ಣ ಕಾಣುತ್ತಿದೆಯಾ ಅಂತ ನೋಡಲು ಒಂದು ಸೆಕೆಂಡ್ ಸಾಕು. ಇನ್ನು ಲೈನುಗಳನ್ನು ಹಿಡಿದಿಡುವ ರಬ್ಬರ್ ಬ್ಯಾಂಡ್. ಸಡಿಲ ಬ್ಯಾಂಡ್ ಇದ್ದರೆ ಲೈನುಗಳು ಒಟ್ಟಿಗೇ ಬಿಚ್ಚಿಕೊಂಡು ಕ್ಯಾನಪಿ ಧಡ್ ಅಂತ ತೆರೆಯಬಹುದು. ಇಲ್ಲಿನ ಒಣ ಬಿಸಿಲಿಗೆ ರಬ್ಬರ್ ಬೇಗ ಸಾಯುತ್ತದೆ. ಹೊಸದು ಹಾಕಲು ಜಿಪುಣತನ ಮಾಡಬೇಡಿ.

ಇನ್ನೊಂದು ಹಳೆಯ ವಾದ ಆರ್‌ಎಸ್‌ಎಲ್ ಬಗ್ಗೆ. ಕೆಟ್ಟ ಮೇನನ್ನು ಕಳಚಿ ಬಿಟ್ಟಾಗ, ಅದರ ರೈಸರ್‌ಗೆ (ಲೈನುಗಳನ್ನು ಹಾರ್ನೆಸ್‌ಗೆ ಸೇರಿಸುವ ದಪ್ಪ ಪಟ್ಟಿಗೆ) ಸೇರಿಸಿದ ಈ ಆರ್‌ಎಸ್‌ಎಲ್ ಪಟ್ಟಿ ರಿಸರ್ವ್ ಪಿನ್ನನ್ನು ತಾನೇ ಎಳೆಯುತ್ತದೆ. "ಮೊದಲು ಮೈ ಸ್ಥಿರ ಮಾಡಿಕೊಳ್ಳಬೇಕು, ಆಮೇಲೆ ರಿಸರ್ವ್ ಎಳೆಯಬೇಕು, ನನಗಿದು ಬೇಡ" ಅಂತ ಬಿಚ್ಚಿಡುವವರಿದ್ದಾರೆ. ಹೆಲ್ಮೆಟ್ ಮೇಲೆ ಕ್ಯಾಮೆರಾ ಹೊತ್ತವರು ಲೈನ್ ಸಿಕ್ಕಿಕೊಳ್ಳುತ್ತದೆ ಅಂತ ಹೆದರಿದರೆ ಅದರಲ್ಲಿ ಅರ್ಥ ಇದೆ. ಉಳಿದವರಿಗೆ ನನ್ನ ಅಭಿಪ್ರಾಯ ಖಡಾಖಂಡಿತ, ಸಿಕ್ಕಿಸಿಕೊಂಡೇ ಇರಲಿ. ನೆಲ ಹತ್ತಿರ ಬರುತ್ತಿರುವಾಗ ಸ್ಥಿರ ಆಗುತ್ತಾ ಕೂರಲು ಸಮಯ ಇರುವುದಿಲ್ಲ. ಮೇನನ್ನು ಕಳಚುವ ಮೂರು ಉಂಗುರದ ಬಿಡುಗಡೆ ವ್ಯವಸ್ಥೆಯನ್ನು 1970ರ ದಶಕದಲ್ಲಿ ಕಂಡುಹಿಡಿದ ಬಿಲ್ ಬೂತ್ ಅವರೇ ಮುಂದೆ ಸ್ಕೈಹುಕ್ ತಂದರು. ಅದರಲ್ಲಿ ಬಿಟ್ಟುಹೋಗುವ ಮೇನೇ ರಿಸರ್ವ್ ಚೀಲವನ್ನು ಎಳೆದು ತೆಗೆಯುತ್ತದೆ. ರಿಸರ್ವ್ ಅಷ್ಟು ಬೇಗ ಹೊರಬಂದರೆ ಮೈ ಹೊರಳಾಡಲು ಹೊತ್ತೇ ಸಿಗುವುದಿಲ್ಲ.

ಎಎಡಿ, ಅಂದರೆ ಜಂಪ್ ಮಾಡಿದವರು ಎಳೆಯದಿದ್ದರೂ ತಾನಾಗಿ ರಿಸರ್ವ್ ತೆರೆಯುವ ಸಾಧನ, ಅದರ ಬಗ್ಗೆ ಈಗ ವಾದ ಕಡಿಮೆ. 1991ರಲ್ಲಿ ಜರ್ಮನಿಯ ಸೈಪ್ರೆಸ್ ಬಂದ ಮೇಲೆ ಜನರಿಗೆ ನಂಬಿಕೆ ಬಂತು. ಸುಮಾರು 750 ಅಡಿಯಲ್ಲಿ ಇನ್ನೂ ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಬೀಳುತ್ತಿದ್ದರೆ ಅದು ರಿಸರ್ವ್ ಲೂಪನ್ನೇ ಕತ್ತರಿಸುತ್ತದೆ. ನೋಡಿ, ಇಲ್ಲೂ ಮತ್ತೆ ಲೂಪ್. ಆದರೆ ಎಎಡಿ ಲೂಪ್ ಕತ್ತರಿಸಬಹುದು ಅಷ್ಟೇ. ಆಮೇಲೆ ನೆಗೆಯಬೇಕಾದದ್ದು ಸ್ಪ್ರಿಂಗ್, ಹೊರಬರಬೇಕಾದದ್ದು ಚೀಲ. ಕಂಟೇನರ್ ತುಂಬಿ ತುಳುಕುತ್ತಿದ್ದರೆ ಚೀಲ ಹೊರಗೆ ಬರಲು ತಡವರಿಸುತ್ತದೆ.

ನನಗೆ ನಿಜಕ್ಕೂ ಸಂಕಟ ಆಗುವ ವಿಷಯ ಇದೇ. ಜನ ಚೆಂದಕ್ಕೆ ಅಂತ ಪುಟ್ಟ ಕಂಟೇನರ್ ಕೊಳ್ಳುತ್ತಾರೆ. ಅದರಲ್ಲಿ ದೊಡ್ಡ ರಿಸರ್ವ್ ಹಿಡಿಸುವುದಿಲ್ಲ. ಹಾಗಾಗಿ ಮೇನ್ ಎಷ್ಟು ಚಿಕ್ಕದೋ ರಿಸರ್ವ್ ಕೂಡ ಅಷ್ಟೇ ಚಿಕ್ಕದು. ಮೇನ್ ಆದರೆ ಹುಷಾರಾಗಿ, ಗೊತ್ತಿರುವ ಜಾಗದಲ್ಲಿ, ಅಭ್ಯಾಸದ ಮೇಲೆ ಇಳಿಸುತ್ತೀರಿ. ರಿಸರ್ವ್ ಕೆಳಗೆ ನೀವು ಇಳಿಯುವುದು ಗಾಬರಿಯಲ್ಲಿ, ತಡವಾಗಿ, ಯಾರದ್ದೋ ಹೊಲದಲ್ಲಿ. ಎಎಡಿ ತೆರೆದಿದ್ದರೆ ಪ್ರಜ್ಞೆಯೇ ಇಲ್ಲದಿರಬಹುದು, ಬ್ರೇಕ್ ಎಳೆಯುವವರೇ ಇಲ್ಲ. ಆಗ ಒಂದೊಂದು ಚದರಡಿ ಬಟ್ಟೆಗೂ ಬೆಲೆ ಇದೆ. ಸ್ಕೈಡೈವಿಂಗ್‌ನಲ್ಲಿ ಇವತ್ತು ಆಗುವ ಸಾವುಗಳಲ್ಲಿ ದೊಡ್ಡ ಪಾಲು ಸರಿಯಾಗಿ ತೆರೆದ ಕ್ಯಾನಪಿಯ ಕೆಳಗೇ ಆಗುತ್ತದೆ, ಇಳಿಯುವಾಗ. ಹಾಗಾಗಿ "ಇದರಲ್ಲಿ ಇನ್ನೂ ಒಂದು ಸೈಜ್ ಚಿಕ್ಕದು ಹಾಕಬಹುದಾ?" ಅಂತ ಕೇಳಿದರೆ, ಮೊದಲು ರಿಸರ್ವ್ ಎಷ್ಟಿದೆ ಅಂತ ಕೇಳುತ್ತೇನೆ.

ರಿಸರ್ವ್ ಬಳಸಿ ಬದುಕಿ ಬಂದವರು ಅದನ್ನು ಕಟ್ಟಿದ ರಿಗ್ಗರ್‌ಗೆ ಒಂದು ಬಾಟಲಿ ತಂದುಕೊಡುವ ಪದ್ಧತಿ ಇದೆ. ನನಗೂ ಬಂದಿವೆ. ನಾನು ಕುಡಿಯುವುದಿಲ್ಲ, ಆದರೂ ಒಂದೊಂದನ್ನೂ ಇಟ್ಟುಕೊಂಡಿದ್ದೇನೆ. ಬಾಟಲಿಗಿಂತ ನನಗೆ ಬೇಕಾಗಿರುವುದು ಅವರ ಮೇನ್. ಹುಡುಕಿ ತಂದಿದ್ದರೆ ಹರಡಿ ನೋಡುತ್ತೇವೆ, ಯಾಕೆ ಕೆಟ್ಟಿತು ಅಂತ. ಎಷ್ಟೋ ಸಲ ಒಂದು ಬ್ರೇಕ್ ಲೈನ್ ಬೇಗ ಬಿಚ್ಚಿಕೊಂಡಿರುತ್ತದೆ, ಕ್ಯಾನಪಿ ಒಂದೇ ಕಡೆ ಗಿರ್ರನೆ ತಿರುಗಿರುತ್ತದೆ. ಫ್ರೀ ಬ್ಯಾಗ್ ಹಗುರ, ಗಾಳಿಗೆ ತೇಲಿ ಪೊದೆಗಳಲ್ಲಿ ಕಳೆದುಹೋಗುತ್ತದೆ. ಯಾರಾದರೂ ಮೇನ್ ಬಿಟ್ಟದ್ದು ಕಂಡರೆ ಆ ಚೀಲ ಎಲ್ಲಿ ಬೀಳುತ್ತದೆ ಅಂತಲೂ ಕಣ್ಣಿಡಿ, ದೊಡ್ಡ ಉಪಕಾರ.

ನೀವೇ ಮಾಡಿಕೊಳ್ಳಬೇಕಾದದ್ದೂ ಇದೆ. ತಿಂಗಳಿಗೊಮ್ಮೆ ಮೂರು ಉಂಗುರಗಳನ್ನು ಬಿಚ್ಚಿ, ರೈಸರ್ ಪಟ್ಟಿಯನ್ನು ಬಾಗಿಸಿ ಮೆತ್ತಗೆ ಮಾಡಿ, ಹಳದಿ ಕೇಬಲ್ಲನ್ನು ಒರೆಸಿ, ಕಂಪನಿ ಹೇಳಿದ ಎಣ್ಣೆ ತೆಳ್ಳಗೆ ಸವರಿ. ರಿಗ್ಗನ್ನು ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಮೇನ್ ಮುಚ್ಚಿದ ಮೇಲೆ ಹಗ್ಗವನ್ನು ಸರ್ರನೆ ಎಳೆಯಬೇಡಿ, ಆ ಬಿಸಿಗೆ ಲೂಪ್ ಸುಡುತ್ತದೆ. ಪಿನ್ ಅಡಿಯಿಂದ ನಿಧಾನವಾಗಿ ತೆಗೆಯಿರಿ.

ಸೆಕೆಂಡ್ ಹ್ಯಾಂಡ್ ರಿಗ್ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಅದನ್ನು ರಿಗ್ಗರ್ ಕೈಗೆ ಕೊಡಿ. ಮಾರುವವರ ಗೆಳೆಯರಾದ ರಿಗ್ಗರ್ ಬೇಡ, ನೀವೇ ಆರಿಸಿದವರು ಬೇಕು. ಫೋಟೋದಲ್ಲಿ ಬಣ್ಣ ಮಾತ್ರ ಕಾಣುತ್ತದೆ. ಎಎಡಿಯ ಅವಧಿ ಯಾವಾಗ ಮುಗಿಯುತ್ತದೆ, ರಿಸರ್ವ್ ಎಷ್ಟು ಸಲ ತೆರೆದಿದೆ, ಹಾರ್ನೆಸ್ ನಿಮ್ಮ ಮೈಗೆ ಹೊಂದುತ್ತದಾ, ಲೈನುಗಳು ಬಿಸಿಗೆ ಕುಗ್ಗಿವೆಯಾ, ಇವೆಲ್ಲ ಬಿಚ್ಚಿ ನೋಡಿದರೆ ಮಾತ್ರ ತಿಳಿಯುತ್ತದೆ. ಮಾರುವವರು ಬಿಚ್ಚಲು ಒಪ್ಪದಿದ್ದರೆ ಆ ರಿಗ್ ಬಿಟ್ಟುಬಿಡಿ, ಇನ್ನೊಂದು ಸಿಗುತ್ತದೆ.