ಆಟಿ ತಿಂಗಳಲ್ಲಿ ಹೆಜ್ಜೆ ಕಲಿಯಲಿಕ್ಕೆ ಹೋದ ಕಥೆ

ವಾಕಿಂಗ್ ನಿಂತು ಹೋದದ್ದೇ ಇದಕ್ಕೆಲ್ಲ ಕಾರಣ. ಜೂನ್ ತನಕ ಬೆಳಿಗ್ಗೆ ಅರ್ಧ ಗಂಟೆ ಹೇಗೋ ನಡೀತಾ ಇದ್ದೆ, ಆಟಿ (ಜುಲೈ-ಆಗಸ್ಟಿಗೆ ಬರುವ ತುಳು ತಿಂಗಳು) ಹಿಡಿದ ಮೇಲೆ ಕೇರಳದ ಗಡಿಯೊಳಗಿನ ನಮ್ಮ ಕುಂಬಳೆ ಕಡೆಯ ಮಳೆ ಗೊತ್ತಲ್ಲ, ಕೊಡೆ ಬಿಡಿಸಿದ್ರೆ ಗಾಳಿ ಎಳೀತದೆ, ರೈನ್‌ಕೋಟ್ ಹಾಕಿದ್ರೆ ಒಳಗಿಂದ ಬೆವರು, ಸರ್ವಿಸ್ ರೋಡಿನಲ್ಲಿ ಕಾಲಗಂಟು ಮುಳುಗುವ ಕೆಂಪು ನೀರು. ಎರಡು ವಾರ ಮನೆಯಲ್ಲೇ ಕೂತು ಹಲಸಿನ ಹಪ್ಪಳ ತಿಂದೆ, ಸುಳ್ಳು ಹೇಳುದಿಲ್ಲ. ನನಗೆ 43. ಕಳೆದ ಸಲ ಶುಗರಿನ ಟೆಸ್ಟ್ ಮಾಡಿಸಿದಾಗ ಎಚ್‌ಬಿಎ1ಸಿ 6.1 ಬಂದಿತ್ತು. 5.7ರಿಂದ 6.4ರ ಒಳಗೆ ಇದ್ರೆ ಶುಗರ್ ಇನ್ನೂ ಒಳಗೆ ಬರ್ಲಿಲ್ಲ, ಜಗಲಿಯಲ್ಲಿ ಕೂತು ಬಾಯಾರಿಕೆ ಕೇಳ್ತಾ ಉಂಟು ಅಂತ ಲೆಕ್ಕ.

ಒಂದು ಶನಿವಾರ ವಾಚನಾಲಯಕ್ಕೆ ಪುಸ್ತಕ ಕೊಡ್ಲಿಕ್ಕೆ ಹೋದವಳು ಮಳೆಗೆ ಅಲ್ಲೇ ಸಿಕ್ಕಿ ಬಿದ್ದೆ. ಮೇಲಿನ ಹಾಲಿನಲ್ಲಿ ಯಕ್ಷಗಾನ ನಾಟ್ಯದ ಕ್ಲಾಸು, ಹತ್ತು ಹದಿನೈದು ಮಕ್ಕಳು. ಬಾಗಿಲ ಹತ್ರ ನಿಂತು ನೋಡ್ತಾ ಇದ್ದೆ, ಗುರುಗಳು ತಿರುಗಿ ನೋಡಿ “ಸುಮ್ಮನೆ ನಿಲ್ಲುದು ಯಾಕಕ್ಕ, ಹಿಂದಿನ ಸಾಲಲ್ಲಿ ನಿಲ್ಲಿ” ಅಂದ್ರು. ತಮಾಷೆಗೆ ಹೇಳಿದ್ದೋ ಏನೋ, ನಾನು ಚಪ್ಪಲಿ ಬಿಟ್ಟು ನಿಂತೇಬಿಟ್ಟೆ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನವಳು ಅಂತ ಬೇರೆ ಊರಿಗೆ ಹೋದಲ್ಲೆಲ್ಲ ಜಂಬ ಕೊಚ್ಚುವವಳು ನಾನು, ಆದ್ರೆ ಆಟ ನೋಡುದು ಬಿಟ್ಟು ಒಂದು ಹೆಜ್ಜೆ ಹಾಕಿ ಗೊತ್ತಿರ್ಲಿಲ್ಲ.

ಮೊದಲ ದಿನ ಕುಣಿತವೇ ಇಲ್ಲ. ಅರ್ಧಮಂಡಿಯಲ್ಲಿ ನಿಲ್ಲುದು, ಅಷ್ಟೇ. ಮೊಣಕಾಲು ಹೊರಗೆ ತೆರೆದು, ಬೆನ್ನು ನೆಟ್ಟಗೆ, ಕೈ ಎದೆಯ ಮಟ್ಟಕ್ಕೆ. ನೋಡ್ಲಿಕ್ಕೆ ಏನೂ ಇಲ್ಲ ಅನ್ಸ್ತದೆ, ಒಂದು ನಿಮಿಷ ಆಗುವಾಗ ತೊಡೆ ನಡುಗ್ಲಿಕ್ಕೆ ಶುರು, ಒಂದೂವರೆ ನಿಮಿಷಕ್ಕೆ ನಾನು ಗೋಡೆ ಹಿಡಿದೆ. ಪಕ್ಕದಲ್ಲಿ ಆರನೇ ಕ್ಲಾಸಿನ ಒಬ್ಬ ಹುಡುಗ ಅದೇ ಭಂಗಿಯಲ್ಲಿ ನಿಂತುಕೊಂಡು ಆಕಳಿಸ್ತಾ ಇದ್ದ.

ಆಮೇಲೆ ತಾಳ. ಏಕತಾಳಕ್ಕೆ ನಾಲ್ಕು ಅಕ್ಷರ (ಅಂದ್ರೆ ಎಣಿಕೆ), ರೂಪಕಕ್ಕೆ ಆರು, ಝಂಪೆಗೆ ಹತ್ತು. ಕೈಯಲ್ಲಿ ಹಾಕ್ಲಿಕ್ಕೆ ಬರ್ತದೆ, ಬಾಯಲ್ಲಿ ಹೇಳ್ಲಿಕ್ಕೂ ಬರ್ತದೆ, ಕಾಲು ಮಾತ್ರ ಬೇರೆ ಪಾರ್ಟಿ. ತಕಧಿಮಿ ಅಂತ ಹೇಳಿಕೊಂಡು ಅಡುಗೆ ಮನೆಯಲ್ಲಿ ಹೆಜ್ಜೆ ಹಾಕಿದ್ದಕ್ಕೆ ಅತ್ತೆ ಬಂದು “ಇಲಿ ಬಂತಾ?” ಅಂತ ಕೇಳಿದ್ರು.

ವಾರಕ್ಕೆ ಎರಡು ಕ್ಲಾಸು, ಒಂದೂವರೆ ಗಂಟೆ. ಉಳಿದ ದಿನಗಳಲ್ಲಿ ಮೂರು ದಿನ ಮನೆಯಲ್ಲಿ ಇಪ್ಪತ್ತು ನಿಮಿಷ. ವಾರಕ್ಕೆ 150 ನಿಮಿಷ ಮೈ ಬಿಸಿ ಆಗುವ ಹಾಗೆ ಏನಾದ್ರೂ ಮಾಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುದು, ನನ್ನದು 240 ಆಯ್ತು, ಅದರಲ್ಲಿ ನಿಂತು ಉಸಿರು ಬಿಟ್ಟದ್ದೇ ಒಂದು ಐವತ್ತು ನಿಮಿಷ ಇರ್ಬಹುದು. ವ್ಯಾಯಾಮ ಮಾಡುವಾಗ ಮಾತಾಡ್ಲಿಕ್ಕೆ ಆಗ್ಬೇಕು, ಹಾಡ್ಲಿಕ್ಕೆ ಆಗ್ಬಾರ್ದು, ಹಾಗಿದ್ರೆ ಮಧ್ಯಮ ಹದ ಅಂತ ಒಂದು ಲೆಕ್ಕ ಉಂಟಲ್ಲ, ಅದನ್ನು ಇಲ್ಲಿ ನೋಡುದು ಬಹಳ ಸುಲಭ. ಪದ, ಅಂದ್ರೆ ಹಾಡು, ಮುಗಿದ ಕೂಡ್ಲೆ ಅರ್ಥ, ಅಂದ್ರೆ ಪಾತ್ರದ ಮಾತು, ಹೇಳ್ಬೇಕು. “ಎಲೈ ಸಾರಥಿ” ಅನ್ನುವಲ್ಲಿ ನನಗೆ ಎಲೈ ಮಾತ್ರ ಬಂತು, ಸಾರಥಿ ಬರುವಷ್ಟರಲ್ಲಿ ಗುರುಗಳು ನೀರು ಕುಡಿದು ಬಂದ್ರು. ರಾತ್ರಿಯಿಡೀ ಕುಣಿದು, ಆ ಭಾರದ ಕಿರೀಟ ಹೊತ್ತು, ಅದರ ಮೇಲೆ ಅರ್ಧ ಗಂಟೆ ವಾದ ಮಾಡುವವರ ಶ್ವಾಸಕೋಶ ಯಾವುದರಿಂದ ಮಾಡಿದ್ದು ಅಂತ ಈಗ ಯೋಚನೆ ಆಗ್ತದೆ.

ಈಗ ಆ ಹುಡುಗನ ವಿಷಯ. ಅವನದು ಮಲಯಾಳ ಮೀಡಿಯಂ. ಮನೆಯಲ್ಲಿ ತುಳು, ಕನ್ನಡ ಮಾತಾಡ್ತಾನೆ, ಓದ್ಲಿಕ್ಕೆ ಬರೀಲಿಕ್ಕೆ ಬರುದಿಲ್ಲ. ಒಂದು ದಿನ ಅವನ ನೋಟ್‌ಬುಕ್ ನೋಡಿದೆ, ಯಕ್ಷಗಾನದ ಪದ ಪೂರ್ತಿ ಮಲಯಾಳ ಲಿಪಿಯಲ್ಲಿ ಬರೆದಿಟ್ಟಿದ್ದಾನೆ, ಭಾಮಿನಿ ಷಟ್ಪದಿ ಕೂಡ! ಮೊದಲು ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯ್ತು, ಮತ್ತೆ ನೋಡಿದ್ರೆ ಅವನು ಒಂದು ಒತ್ತಕ್ಷರ ತಪ್ಪಿಸ್ಲಿಲ್ಲ. ತೊಂದರೆ ಇದ್ದದ್ದು ಕೊನೆಯ ಉಕಾರದಲ್ಲಿ. ಮಲಯಾಳದಲ್ಲಿ ಶಬ್ದದ ಕೊನೆಗೆ ಚಂದ್ರಕ್ಕಲ ಅಂತ ಒಂದು ಚಿಹ್ನೆ ಹಾಕಿ ಅರ್ಧ ಉ ಬಿಡ್ತಾರೆ, ಇವನು ಬಂದು, ನಿಂದು, ಕೊಂದು ಎಲ್ಲದಕ್ಕೂ ಅದನ್ನೇ ಹಾಕಿದ್ದ. ಓದುವಾಗ ಬಂದ್, ನಿಂದ್, ಕೊಂದ್. ಗುರುಗಳು ಪ್ರತಿ ಸಲ “ಉಕಾರ ನುಂಗ್ಬೇಡ ಮಾರಾಯ” ಅನ್ನುದು, ಅವನಿಗೆ ಎಲ್ಲಿ ನುಂಗಿದ್ದು ಅಂತಲೇ ಗೊತ್ತಾಗುದಿಲ್ಲ, ಯಾಕೆಂದ್ರೆ ಅವನ ಪುಸ್ತಕದಲ್ಲಿ ಹಾಗೇ ಉಂಟು.

ಹಾಗೆ ನಮ್ಮಿಬ್ಬರಿಗೆ ಒಂದು ಒಪ್ಪಂದ ಆಯ್ತು. ಕ್ಲಾಸಿಗೆ ಅರ್ಧ ಗಂಟೆ ಮೊದಲು ಬರುದು, ಹದಿನೈದು ನಿಮಿಷ ನಾನು ಅವನಿಗೆ ಕನ್ನಡ ಅಕ್ಷರ, ಹದಿನೈದು ನಿಮಿಷ ಅವನು ನನಗೆ ಹೆಜ್ಜೆ. ಅವನಿಗೆ ಅಕ್ಷರ ಬೇಗ ಹತ್ತಿತು. ನನ್ನ ಹೆಜ್ಜೆ ನೋಡಿ ಅವನು ಒಮ್ಮೆ ತಲೆಗೆ ಕೈ ಹೊತ್ತು ಕೂತ. “ಆಂಟಿ, ನೀವು ಎಣಿಸ್ತಾ ಇದ್ದೀರಿ, ಕೇಳ್ತಾ ಇಲ್ಲ” ಅಂದ. ಹನ್ನೊಂದು ವರ್ಷದವನು!

ಮೂರನೇ ವಾರ ಯಡವಟ್ಟು ಮಾಡಿಕೊಂಡೆ. ಮಕ್ಕಳು ದಿಗಿಣ (ಹಾರಿ ಸುತ್ತುವ ಕುಣಿತ) ಹಾರುದು ನೋಡಿ ನನಗೂ ಆಸೆ ಆಗಿ, ಕ್ಲಾಸಿನಲ್ಲಿ ನಾಚಿಕೆ ಅಂತ ಮನೆಯಲ್ಲಿ ಟೈಲ್ಸಿನ ಮೇಲೆ, ಅದೂ ಒದ್ದೆ ಕಾಲಿನಲ್ಲಿ ಹಾರಿದೆ. ಬಲಗಾಲು ಹೊರಳಿತು. ಗಂಟು ಊದಿ ಕುಚ್ಚಲಕ್ಕಿ ಮುಡಿಯ ಹಾಗೆ ಆಯ್ತು, ಐಸ್ ಇಟ್ಟು, ಬಟ್ಟೆ ಸುತ್ತಿ, ತಲೆದಿಂಬಿನ ಮೇಲೆ ಕಾಲೆತ್ತಿ ನಾಲ್ಕು ದಿನ. ಇವರು ಏನೂ ಹೇಳ್ಲಿಲ್ಲ, ಬರೇ ನಗಾಡಿದ್ರು, ಅದು ಇನ್ನೂ ಕಷ್ಟ. ಗುರುಗಳು ಆಮೇಲೆ ಹೇಳಿದ್ದು, ಹಾರುದು ಯಾರಿಗೂ ಬರ್ತದೆ, ಇಳಿಯುವಾಗ ಮೊಣಕಾಲು ಬಗ್ಗಬೇಕು, ಅದಕ್ಕೇ ಆ ಅರ್ಧಮಂಡಿ. ಹಾಗಾದ್ರೆ ಮೊದಲೇ ಹೇಳ್ಬಾರ್ದಾ ಅಂತ ಕೇಳಿದ್ದಕ್ಕೆ, “ನಿಮಗೆ ಯಾರು ಹಾರ್ಲಿಕ್ಕೆ ಹೇಳಿದ್ದು?”

ಆ ನಾಲ್ಕು ದಿನ ತಾಳಮದ್ದಳೆ ಕೇಳಿ ಕಳೆದೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗೀತದೆ, ಮಳೆಗಾಲದಲ್ಲಿ ನಮಗೆ ತಾಳಮದ್ದಳೆಯೇ ಗತಿ, ವೇಷ ಇಲ್ಲ ಕುಣಿತ ಇಲ್ಲ, ಕೂತುಕೊಂಡು ಮಾತು ಮಾತ್ರ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯ ಅರ್ಥ ಹೇಳಿದ ಹಳೇ ರೆಕಾರ್ಡಿಂಗ್ ಒಂದು ಯಾರೋ ಫೋನಿಗೆ ಕಳಿಸಿದ್ದು ವರ್ಷದಿಂದ ಹಾಗೇ ಬಿದ್ದಿತ್ತು. ಕ್ಯಾಸೆಟ್ಟಿನ ಕರಕರ ಶಬ್ದ, ಹಿಂದೆ ಯಾರೋ ಕೆಮ್ಮುದು, ಆದ್ರೂ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಕೇಳ್ಲಿಕ್ಕೆ ಶುರು ಮಾಡಿದ ಮೇಲೆ ನಾನು ಕಾಲಿನ ನೋವು ಮರೆತೆ. ಚಿಕ್ಕಂದಿನಲ್ಲಿ ಇದನ್ನೆಲ್ಲ ಕೇಳಿ ನಿದ್ದೆ ಹೋಗ್ತಾ ಇದ್ದವಳು ನಾನು. ಎರಡು ಸೀರೀಸ್ ಕೂಡ ನೋಡಿದೆ, ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ.

ಆಟಿ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿದಾಯ್ತು, ಪ್ರತಿ ವರ್ಷದ ಕಹಿ, ಮೇಲಿಂದ ಮೆಂತೆ ಗಂಜಿ. ಮರದ ಗುರ್ತ ಸರಿ ಇದ್ದವರು ಕೆತ್ತಿ ತಂದ ತೊಗಟೆಯದ್ದು ಮಾತ್ರ ಕುಡೀರಿ, ಕತ್ತಲೆಯಲ್ಲಿ ಕಾಸರ್ಕ ಅನ್ನುವ ವಿಷದ ಮರ ಕೆತ್ತಿ ತಂದ್ರೆ ಜೀವಕ್ಕೇ ಬರ್ತದೆ. ಪಕ್ಕದ ಮನೆ ಚೇಚಿ (ಮಲಯಾಳದ ಅಕ್ಕ) ಕರ್ಕಿಡಕ ಕಂಜಿ, ಅಂದ್ರೆ ಅವರ ಆಟಿ ತಿಂಗಳ ಮದ್ದಿನ ಗಂಜಿ, ಕೊಟ್ಟಳು, ನಾನು ಪತ್ರೊಡೆ ಕೊಟ್ಟೆ, ಡಯಟ್ ಅಲ್ಲಿಗೆ ಮುಗೀತು.

ಕಾಲು ಸರಿಯಾದ ಮೇಲೆ ಬಾಯಾರು ಅನ್ನುವ ಊರಿನ ತವರಿಗೆ ಹೋಗಿದ್ದೆ. ಮನೆ ಹಿಂದಿನ ಗುಡ್ಡೆಯಲ್ಲಿ ಅಜ್ಜ ತೋಡಿಸಿದ ಸುರಂಗ ಉಂಟು, ನಮ್ಮ ಕುಡಿಯುವ ನೀರು ಪೂರ್ತಿ ಅದರದ್ದೇ, ಪಂಪು ಬೇಡ ಕರೆಂಟು ಬೇಡ, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಒಳಗಿಂದ ಜಿನುಗಿದ ನೀರು ತಾನಾಗಿ ಹರಿದು ತೊಟ್ಟಿಗೆ ಬೀಳ್ತದೆ. ಹೆಣ್ಣು ಮಕ್ಕಳು ಒಳಗೆ ಹೋಗ್ಬಾರ್ದು ಅಂತ ಸಣ್ಣದಿರುವಾಗ ಬಿಡ್ತಾ ಇರ್ಲಿಲ್ಲ. ಈ ಸಲ ತಮ್ಮನನ್ನು ಪೀಡಿಸಿ ಹೋದೆ. ಮಳೆಗಾಲ, ಮಣ್ಣು ಕುಸೀತದೆ, ಹತ್ತು ಹೆಜ್ಜೆಗಿಂತ ಒಳಗೆ ಬೇಡ ಅಂದ. ಕೈಯಲ್ಲಿ ಟಾರ್ಚ್ ಇದ್ರೂ ಒಂದು ಮೇಣದ ಬತ್ತಿ ಹಚ್ಚಿ ಕೊಟ್ಟ, ಅದು ನಂದಿದ್ರೆ ಒಳಗೆ ಗಾಳಿ ಸಾಲುದಿಲ್ಲ ಅಂತ, ಕೂಡ್ಲೆ ಹೊರಗೆ ಬರ್ಬೇಕು, ತೋಡುವವರು ಹಿಂದಿನಿಂದಲೂ ಹಾಗೇ ಮಾಡುದು. ಹೊರಗೆ ಚಳಿ, ಒಳಗೆ ಬೆಚ್ಚಗೆ. ಕಣಕಾಲಿನವರೆಗೆ ನೀರು, ಮಾಡಿನಲ್ಲಿ ಬಾವಲಿ. ನಮ್ಮದು ಗಿಡ್ಡ ಸುರಂಗ, ನೆಟ್ಟಗೆ ನಿಲ್ಲುವ ಹಾಗಿಲ್ಲ, ಸೊಂಟ ಬಗ್ಗಿಸಿದ್ರೆ ತಲೆ ಎದುರಿನ ಗೋಡೆಗೆ. ಮೊಣಕಾಲು ತೆರೆದು ಅರ್ಧಮಂಡಿ ಹಾಕಿದೆ, ಸರಿಯಾಗಿ ಕೂತಿತು, ಹಾಗೇ ಹತ್ತು ಹೆಜ್ಜೆ ಹೋಗಿ ಹತ್ತು ಹೆಜ್ಜೆ ಹಿಂದೆ ಬಂದೆ. ತಮ್ಮ ಹೊರಗಿಂದ “ಒಳಗೆ ಎಂತ ತಕಧಿಮಿ?” ಅಂತ ಬೊಬ್ಬೆ ಹಾಕಿದ, ನಾನು ಬಾಯಿ ಬಿಟ್ಟು ಹೇಳ್ತಾ ಇದ್ದೇನೆ ಅಂತ ನನಗೇ ಗೊತ್ತಿರ್ಲಿಲ್ಲ.

ತಿಂಗಳ ಕೊನೆಗೆ ತೂಕ 71.4ರಿಂದ 70.8. ನಗ್ಬೇಡಿ. ಬೆಳಿಗ್ಗೆ ಎದ್ದ ಕೂಡ್ಲೆ ಕೈ ಹಿಡಿದು ಎಣಿಸಿದ್ರೆ ನಾಡಿ 84 ಇದ್ದದ್ದು 79. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ತೋರಿಸುದು, ಈಗ ಟೆಸ್ಟ್ ಮಾಡಿಸಿ ದುಡ್ಡು ಹಾಳು ಮಾಡುದಿಲ್ಲ, ನವರಾತ್ರಿ ಕಳೀಲಿ. ಅರ್ಧಮಂಡಿ ಮೂರು ನಿಮಿಷ ನಿಲ್ತೇನೆ. ಏಕತಾಳ ಬರ್ತದೆ, ರೂಪಕ ಹೆಚ್ಚುಕಡಿಮೆ, ಝಂಪೆಯಲ್ಲಿ ಏಳನೇ ಅಕ್ಷರಕ್ಕೆ ಕಾಲು ಕೆಡ್ತದೆ.

ಕಳೆದ ಶನಿವಾರ ಆ ಹುಡುಗ ಹೊಸ ನೋಟ್‌ಬುಕ್ ತಂದಿದ್ದ. ಮೊದಲ ಪುಟದಲ್ಲಿ ಕನ್ನಡದಲ್ಲಿ ಒಂದು ಪದ, ಉಕಾರ ಇರುವಲ್ಲೆಲ್ಲ ಕೆಂಪು ಪೆನ್ನಿನಿಂದ ಕೊಂಬು ದಪ್ಪ ಮಾಡಿದ್ದಾನೆ. ಕೆಳಗೆ ಮಲಯಾಳದಲ್ಲಿ ಏನೋ ಎರಡು ಸಾಲು. ನನಗೆ ಬಸ್ಸಿನ ಬೋರ್ಡಿನಷ್ಟು ಮಲಯಾಳ ಬರ್ತದೆ, ಇಷ್ಟು ಬರುದಿಲ್ಲ, ಎಂತ ಇದು ಅಂತ ಕೇಳಿದೆ. “ಆಂಟಿ ಝಂಪೆಯಲ್ಲಿ ಎಲ್ಲೆಲ್ಲಿ ತಪ್ಪುದು ಅಂತ ಬರ್ಕೊಂಡದ್ದು” ಅಂದ.