ಸಾಲ ತೀರಿಸಲು ಆಗುತ್ತಲೇ ಇಲ್ಲವೇ? ದಿವಾಳಿ ಅರ್ಜಿ ಹಾಕುವ ಮುನ್ನ ತಿಳಿಯಬೇಕಾದದ್ದು

ಬನಹಟ್ಟಿಯಲ್ಲಿ ಮಗ್ಗ ಹಾಕಿಕೊಂಡವರಿರಲಿ, ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟವರಿರಲಿ, ಸಾಲ ಕೈಮೀರಿದ ಮೇಲೆ ಬಹಳ ಜನ ಮೊದಲು ಫೋನ್ ಸ್ವಿಚ್ ಆಫ್ ಮಾಡುತ್ತಾರೆ. ಆಮೇಲೆ ಮನೆಯನ್ನು ಹೆಂಡತಿಯ ಹೆಸರಿಗೋ ತಮ್ಮನ ಹೆಸರಿಗೋ ಬರೆದುಬಿಡುತ್ತಾರೆ. ದಿವಾಳಿ ಅರ್ಜಿ, ಅಂದರೆ ಜನ ಹೇಳುವ ಪಾಪರ್ ಚೀಟಿಯ ಯೋಚನೆ ಇದ್ದರೆ ಈ ಎರಡನ್ನೂ ಮಾಡಬೇಡಿ. ಹಣ ಪಡೆಯದೆ ಬರೆದುಕೊಟ್ಟ ಆಸ್ತಿಯನ್ನು, ಬರೆದುಕೊಟ್ಟು 2 ವರ್ಷದೊಳಗೆ ಹಾಕಿದ ಅರ್ಜಿಯ ಮೇಲೆ ನೀವು ದಿವಾಳಿಯಾದರೆ, ಕೋರ್ಟು ರದ್ದು ಮಾಡಬಹುದು. ಅರ್ಜಿಗೆ ಮುಂಚಿನ 3 ತಿಂಗಳಲ್ಲಿ ಉಳಿದವರನ್ನು ಬಿಟ್ಟು ಬೀಗರ ಸಾಲವನ್ನಷ್ಟೇ ತೀರಿಸಿದ್ದರೂ ಅದನ್ನು ಪ್ರಶ್ನಿಸಬಹುದು.

ಯಾವ ಕಾನೂನು, ಯಾವ ಕೋರ್ಟು?

2016ರ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ವ್ಯಕ್ತಿಗಳಿಗೆ ಅಂತ ಇರುವ ಭಾಗ ಜಾರಿಗೆ ಬಂದಿಲ್ಲ. ಕಂಪನಿಯ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಅದು 2019ರ ಡಿಸೆಂಬರಿನಿಂದ ಅನ್ವಯವಾಗುತ್ತದೆ. ಉಳಿದ ನಮಗೆಲ್ಲ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ದಾರಿ. ನೀವು ವಾಸವಿರುವ ಅಥವಾ ವ್ಯಾಪಾರ ಮಾಡುವ ಜಿಲ್ಲೆಯ ನ್ಯಾಯಾಲಯಕ್ಕೆ ಹೋಗಬೇಕು. ಮೂಲ ಕಾಯ್ದೆಯ ಪ್ರಕಾರ 500 ರೂಪಾಯಿ ಸಾಲವಿದ್ದು ಅದನ್ನು ತೀರಿಸಲು ಆಗದಿದ್ದರೂ ಅರ್ಜಿ ಹಾಕಬಹುದು.

ವಕೀಲರ ಹತ್ತಿರ ಹೋಗುವ ಮುನ್ನ

ಒಂದು ದೊಡ್ಡ ನೋಟ್‌ಬುಕ್ ತೆಗೆದುಕೊಂಡು ಕೂತುಕೊಳ್ಳಿ. ಯಾರಿಗೆ, ಅವರ ಊರು ಯಾವುದು, ಅಸಲು ಎಷ್ಟು, ಬಡ್ಡಿ ಎಷ್ಟು, ಕಾಗದ ಏನಿದೆ ಎಂದು ಒಂದೊಂದೇ ಬರೆಯಿರಿ. ಬ್ಯಾಂಕು, ಸೊಸೈಟಿ ಎಲ್ಲರಿಗೂ ನೆನಪಿರುತ್ತವೆ. ನೂಲಿನ ಅಂಗಡಿಯ ಉದ್ರಿ, ಭಿಶಿಯ (ಚೀಟಿಯ) ಬಾಕಿ, ಮಗಳ ಮದುವೆಗೆ ಸೋದರಮಾವ ಕೊಟ್ಟ ಕೈಗಡ ಮರೆತುಹೋಗುತ್ತವೆ. ಅವನ್ನೂ ಸೇರಿಸಿ. ಎದುರಿನ ಪುಟದಲ್ಲಿ ನಿಮ್ಮ ಆಸ್ತಿ ಬರಲಿ: ಮನೆ, ಹೊಲ, ಮಗ್ಗ, ಬೈಕು, ಅಡವಿಟ್ಟ ಬಂಗಾರ, ಇತರರಿಂದ ನಿಮಗೆ ಬರಬೇಕಾದ ಹಣ. ಅರ್ಜಿಯಲ್ಲಿ ಈ ಎರಡೂ ಪಟ್ಟಿ ಇರಲೇಬೇಕು. ಬೇಕಂತಲೇ ಬಚ್ಚಿಟ್ಟರೆ 1 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ವಕೀಲರ ಹತ್ತಿರ ಮುಚ್ಚಿಟ್ಟರೂ ಕೆಲಸ ಕೆಡುತ್ತದೆ.

ಫೀ ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ. ಬ್ಯಾಂಕಿನ ಜೊತೆ ಒಂದೇ ಕಂತಿನ ಸೆಟ್ಲ್‌ಮೆಂಟ್ ಆಗುತ್ತದಾ, ಲೋಕ ಅದಾಲತ್‌ನಲ್ಲಿ ಮುಗಿಯುತ್ತದಾ ಎಂದೂ ಕೇಳಿ. ಆಗುವುದಾದರೆ ಅದೇ ಮೇಲು. ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ಜೈಲಿಗೆ ಹಾಕುತ್ತಾರಾ?

ಕೈಯಲ್ಲಿ ಹಣ ಇಲ್ಲ ಎಂಬ ಒಂದೇ ಕಾರಣಕ್ಕೆ ಸಾಲಗಾರನನ್ನು ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಇದ್ದೂ ಕೊಡದಿದ್ದರೆ ಮಾತು ಬೇರೆ. ಹಣದ ಡಿಕ್ರಿಗಾಗಿ, ಅಂದರೆ ಹಣ ಕೊಡಬೇಕೆಂಬ ಕೋರ್ಟಿನ ಆದೇಶಕ್ಕಾಗಿ, ಹೆಣ್ಣುಮಕ್ಕಳನ್ನಂತೂ ಬಂಧಿಸುವಂತೆಯೇ ಇಲ್ಲ. ಆದರೆ ಚೆಕ್ ಬೌನ್ಸ್ ಕ್ರಿಮಿನಲ್ ಕೇಸು. ದಿವಾಳಿ ಅರ್ಜಿ ಹಾಕಿದೆ ಎಂದು ಅದು ತಾನಾಗಿ ನಿಲ್ಲುವುದಿಲ್ಲ.

ಏನು ಹೋಗುತ್ತದೆ, ಏನು ಉಳಿಯುತ್ತದೆ?

ಕೋರ್ಟು ನಿಮ್ಮನ್ನು ದಿವಾಳಿ ಎಂದು ಘೋಷಿಸಿದ ಮೇಲೆ ಆಸ್ತಿ ಕೋರ್ಟಿನ ಅಥವಾ ಅದು ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ. ಅವರು ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಬಟ್ಟೆಬರೆ, ಅಡುಗೆ ಪಾತ್ರೆ, ಕುಶಲಕರ್ಮಿಯ ಸಲಕರಣೆ ಉಳಿಯುತ್ತವೆ. ರೈತನಿಗೆ ಬೇಸಾಯದ ಸಾಮಾನು, ಎತ್ತು, ಬಿತ್ತನೆ ಬೀಜ, ವಾಸದ ಮನೆಗೂ ರಕ್ಷಣೆ ಇದೆ. ನಿಮ್ಮ ಪವರ್‌ಲೂಮ್ ಕುಶಲಕರ್ಮಿಯ ಸಲಕರಣೆಯೋ ಉದ್ಯಮದ ಯಂತ್ರವೋ ಎನ್ನುವುದನ್ನು ವಕೀಲರು ವಾದಿಸಬೇಕಾಗುತ್ತದೆ. ಅದನ್ನು ಮೊದಲ ದಿನವೇ ಕೇಳಿ. ಅಡವಿಟ್ಟ ಮನೆ ಅಥವಾ ಬಂಗಾರದ ಮೇಲೆ ಬ್ಯಾಂಕಿನ ಹಕ್ಕು ಹಾಗೇ ಇರುತ್ತದೆ.

ಜಾಮೀನು ನಿಂತವರ ಗತಿ?

ಜನ ಇದನ್ನು ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ನಿಮಗೆ ಸಾಲದಿಂದ ಬಿಡುಗಡೆ ಸಿಕ್ಕರೂ ಜಾಮೀನುದಾರರಿಗೆ ಸಿಗುವುದಿಲ್ಲ. ಸೊಸೈಟಿ ಸಾಲಕ್ಕೆ ಗೆಳೆಯನೋ ಅಳಿಯನೋ ಸಹಿ ಹಾಕಿದ್ದರೆ ನಾಳೆ ನೋಟಿಸು ಹೋಗುವುದು ಅವರ ಮನೆಗೆ. ಅರ್ಜಿಯ ಸುದ್ದಿ ಅವರಿಗೆ ಬೇರೆಯವರ ಬಾಯಿಂದ ತಿಳಿಯಬಾರದು. ಅವರನ್ನೂ ಕರೆದುಕೊಂಡೇ ವಕೀಲರ ಹತ್ತಿರ ಹೋಗಿ. ಆ ಒಂದು ಸಾಲವನ್ನಾದರೂ ಮಾತುಕತೆಯಲ್ಲಿ ಮುಗಿಸಲು ಆಗುತ್ತದಾ ನೋಡಿ. ಅವರು ಸಹಿ ಹಾಕಿದ್ದು ನಿಮ್ಮ ಮುಖ ನೋಡಿ, ಅಲ್ವಾ?

ಕೊನೆಯ ಹೆಜ್ಜೆ

ದಿವಾಳಿ ಎಂದು ಘೋಷಿಸಿದ ಮಾತ್ರಕ್ಕೆ ಸಾಲ ಕಳೆಯಿತು ಅಂತಲ್ಲ. ಬಿಡುಗಡೆ ಆದೇಶಕ್ಕೆ ಇಷ್ಟು ದಿನದೊಳಗೆ ಅರ್ಜಿ ಹಾಕಬೇಕು ಎಂದು ಕೋರ್ಟು ಗಡುವು ಕೊಡುತ್ತದೆ. ಅದು ತಪ್ಪಿದರೆ ಘೋಷಣೆಯೇ ರದ್ದಾಗುತ್ತದೆ. ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳ ಜೀವನಾಂಶ ಬಿಡುಗಡೆಯಾದ ಮೇಲೂ ಉಳಿಯುತ್ತವೆ. ಬಿಡುಗಡೆ ಸಿಗುವ ತನಕ, ತಾನು ದಿವಾಳಿ ಎಂದು ಹೇಳದೆ 50 ರೂಪಾಯಿ ಅಥವಾ ಹೆಚ್ಚು ಸಾಲ ಪಡೆದರೂ ಅಪರಾಧ. ಗಡುವಿನ ತಾರೀಖನ್ನು ವಕೀಲರ ಡೈರಿಯಲ್ಲಿ ಮಾತ್ರ ಬಿಡಬೇಡಿ, ನಿಮ್ಮ ಮನೆಯ ಕ್ಯಾಲೆಂಡರಿನಲ್ಲೂ ಬರೆದುಕೊಳ್ಳಿ.