ಒದ್ದೆ ಕಲ್ಲಿಗೆ ಮರುಳಾಗಬೇಡಿ

ಅಲೆ ಬಂದು ಹಿಂದೆ ಸರಿದಾಗ ತೀರದ ಕಲ್ಲುಗಳು ಹೊಳೆಯುವುದನ್ನು ನೋಡಿದರೆ ಎಲ್ಲವನ್ನೂ ಸೆರಗಿಗೆ ತುಂಬಿಕೊಳ್ಳೋಣ ಅನಿಸುತ್ತದೆ. ಮನೆಗೆ ತಂದು ಒಣಗಿದ ಮೇಲೆ ನೋಡಿದರೆ ಅರ್ಧಕ್ಕರ್ಧ ಬೂದಿ ಬಣ್ಣ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಹತ್ತಿರದ ಒದ್ದೆ ಕಲ್ಲೂ ಅಷ್ಟೇ. ನನಗೆ ಈ ಹುಚ್ಚು ಹತ್ತಿ ಆರು ವರ್ಷವಾಯಿತು. ಅದಕ್ಕೂ ಮೊದಲು ನಲವತ್ತು ವರ್ಷ ರುಬ್ಬುವ ಕಲ್ಲಿನ ಮುಂದೆ ಕೂತವಳು ನಾನು, ಹಾಗಾಗಿ ಕಲ್ಲಿನ ಸಹವಾಸ ಹೊಸದೇನಲ್ಲ.

ಮೊದಲು ಎಲ್ಲಿ, ಯಾವಾಗ ಹೋಗಬೇಕು ಅಂತ ಹೇಳುತ್ತೇನೆ. ಮಲ್ಪೆಯಂಥ ಉದ್ದನೆಯ ಮರಳ ತೀರದಲ್ಲಿ ಕಾಲು ನೋಯುವವರೆಗೆ ನಡೆದರೂ ಕೈತುಂಬ ಕಲ್ಲು ಸಿಗುವುದಿಲ್ಲ. ಬಂಡೆ ಇರುವ ಕಡೆ ಹೋಗಿ. ಸೋಮೇಶ್ವರ, ಕಾಪು, ಗೋಕರ್ಣದ ಓಂ ಬೀಚ್, ಇಂಥ ಜಾಗ. ಮಳೆಗಾಲದ ಅಬ್ಬರಕ್ಕೆ ತೀರದ ಮರಳು ಒಳಗೆ ಸರಿದು ಕಲ್ಲುಗಳು ಬಯಲಿಗೆ ಬಿದ್ದಿರುತ್ತವೆ. ಆದರೆ ಆಗ ನೀರಿನ ಹತ್ತಿರ ಹೋಗಲೇಬೇಡಿ. ಶ್ರಾವಣದ ನೂಲ ಹುಣ್ಣಿಮೆಗೆ ಮೀನುಗಾರ ಮೊಗವೀರರು ಸಮುದ್ರ ಪೂಜೆ ಮುಗಿಸಲಿ, ಕಡಲು ಸ್ವಲ್ಪ ತಣಿಯಲಿ. ಆಮೇಲಿನ ಒಂದೆರಡು ತಿಂಗಳು ಒಳ್ಳೆಯದು. ಜನವರಿ ಹೊತ್ತಿಗೆ ಮರಳು ವಾಪಸ್ ಬಂದು ಎಲ್ಲ ಮುಚ್ಚಿಕೊಳ್ಳುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಳಿತ ಜಾಸ್ತಿ, ಆ ಹೊತ್ತು ನೋಡಿಕೊಂಡು ಹೊರಡಿ.

ಒಂದು ಹಿಡಿ ಸಾಕು. ಚೀಲಗಟ್ಟಲೆ ಹೊತ್ತು ತರುವುದು ಸರಿಯಲ್ಲ. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದಿಂದಂತೂ ಚೂರು ಕಲ್ಲನ್ನೂ ಎತ್ತಬೇಡಿ. ಅಲ್ಲಿನ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ, ಉಕ್ಕಿ ಬಂದ ಲಾವಾದಿಂದ ಆದವು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ತಂದ ಕಲ್ಲನ್ನು ಎರಡು ಮೂರು ದಿನ ಸಿಹಿನೀರಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ. ಉಪ್ಪು ಬಿಡಬೇಕು. ಆಮೇಲೆ ಹಳೇ ಪೇಪರ್ ಮೇಲೆ ಹರಡಿ ಪೂರ್ತಿ ಒಣಗಿಸಿ. ಗುರುತಿಸುವ ಕೆಲಸ ಇಲ್ಲಿಂದ ಶುರು.

ನಮ್ಮ ಕರಾವಳಿಯಲ್ಲಿ ಹೆಚ್ಚು ಸಿಗುವುದು ಬೆಣಚುಕಲ್ಲು. ಹಾಲು ಬಿಳಿ, ಕೆಲವೊಮ್ಮೆ ತಿಳಿ ಹಳದಿ, ಕಬ್ಬಿಣದ ಅಂಶ ಸೇರಿದ್ದರೆ ಬೆಲ್ಲದ ಬಣ್ಣ. ಸಂಶಯ ಬಂದರೆ ಅಡುಗೆಮನೆಯ ಹಳೇ ಚೂರಿಯ ತುದಿಯಿಂದ ಗಟ್ಟಿಯಾಗಿ ಒಂದು ಗೀರು ಎಳೆಯಿರಿ. ಗೆರೆಯ ಮೇಲೆ ಉಗುರು ಆಡಿಸಿ. ಉಗುರಿಗೆ ತಗ್ಗು ಸಿಕ್ಕರೆ ಕಲ್ಲು ಮೆತ್ತಗಿನದು. ತಗ್ಗಿಲ್ಲದೆ ಬೂದು ಗೆರೆ ಮಾತ್ರ ಕಂಡರೆ ಸವೆದದ್ದು ಕಲ್ಲಲ್ಲ, ನಿಮ್ಮ ಚೂರಿ. ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಬೆಣಚುಕಲ್ಲಿಗೆ 7, ಚೂರಿಗೆ ಐದೂವರೆ ಚಿಲ್ಲರೆ. ಅಷ್ಟು ಗೊತ್ತಿದ್ದರೆ ಸಾಕು.

ಮಕ್ಕಳಿದ್ದರೆ ಇನ್ನೊಂದು ಪರೀಕ್ಷೆ ಮಾಡಿ ತೋರಿಸಿ. ಕೋಣೆ ಪೂರ್ತಿ ಕತ್ತಲು ಮಾಡಿ, ಎರಡು ಬೆಣಚುಕಲ್ಲುಗಳನ್ನು ಒಂದಕ್ಕೊಂದು ಒತ್ತಿ ಉಜ್ಜಿ. ಕಲ್ಲಿನ ಒಳಗೇ ಮಂದ ಬೆಳಕು ಮಿನುಗುತ್ತದೆ, ಸುಟ್ಟಂಥ ಒಂದು ವಾಸನೆಯೂ ಬರುತ್ತದೆ. ಚೂರು ಹಾರಬಹುದು, ಕಣ್ಣಿಗೆ ಕನ್ನಡಕ ಇರಲಿ. ನನ್ನ ಮೊಮ್ಮಗಳು ಇದನ್ನು ನೋಡಿದ ದಿನ ಊಟಕ್ಕೇ ಬರಲಿಲ್ಲ.

ಕರಿಕಲ್ಲು ನುಣ್ಣಗೆ, ತೂಕವಾಗಿ ಇರುತ್ತದೆ. ಕಪ್ಪು ಬಿಳಿ ಚುಕ್ಕೆ, ಪಟ್ಟೆ ಇದ್ದು ನಡುನಡುವೆ ಕಾಗೆಬಂಗಾರ, ಅಂದರೆ ಅಭ್ರಕ, ಮಿನುಗಿದರೆ ಅದು ಕಗ್ಗಲ್ಲಿನ, ಅಂದರೆ ಗ್ರಾನೈಟಿನ ಜಾತಿ. ಕೆಂಪಗೆ ತೂತುತೂತಾಗಿದ್ದರೆ ಮುರಕಲ್ಲು, ಘಟ್ಟದ ಮೇಲಿನವರು ಜಂಬಿಟ್ಟಿಗೆ ಅನ್ನುತ್ತಾರೆ. ಉಳ್ಳಾಲ, ಮರವಂತೆ ಕಡೆ ಅಂಚು ಚೂಪಾಗಿರುವ ಬೂದು ಕಲ್ಲು ಸಿಕ್ಕರೆ ಕಡಲು ತಂದದ್ದು ಅಂದುಕೊಳ್ಳಬೇಡಿ. ಕಡಲ್ಕೊರೆತಕ್ಕೆ ಅಡ್ಡ ಹಾಕಿದ ತಡೆಗೋಡೆಯಿಂದ ಒಡೆದು ಬಂದ ಕ್ವಾರಿ ಕಲ್ಲು ಅದು. ಹಸಿರು, ಕಂದು ಬಣ್ಣದ ಮಂಜುಮಂಜಾದದ್ದು ಬಾಟಲಿ ಚೂರು. ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಗುಳ್ಳೆ ಕಂಡರೂ ಕಾಣಬಹುದು. ಮರುವಾಯಿ ಚಿಪ್ಪಿನ ತುಂಡು ಸವೆದು ಬಿಳಿ ಕಲ್ಲಿನ ಹಾಗೆಯೇ ಆಗಿರುತ್ತದೆ. ವಿನೆಗರ್ ಒಂದು ಹನಿ ಹಾಕಿ, ಚಿಪ್ಪಾದರೆ ಗುಳ್ಳೆ ಏಳುತ್ತದೆ.

ನನ್ನನ್ನು ಬೇಸ್ತು ಬೀಳಿಸಿದ್ದು ಮಾತ್ರ ಒಂದು ಕೆಂಪು ಕಲ್ಲು. ಮೊಟ್ಟೆಯ ಆಕಾರ, ಒಂದು ತೂತಿಲ್ಲ, ರೇಷ್ಮೆಯಷ್ಟು ನಯ. ಇದೇನೋ ಅಪರೂಪದ್ದು ಅಂತ ವಾರವಿಡೀ ಬಂದವರಿಗೆಲ್ಲ ತೋರಿಸಿದೆ. ಕೊನೆಗೆ ಒಂದು ಹನಿ ನೀರು ಬಿಟ್ಟು ನೋಡಿದೆ. ಚಕ್ಕನೆ ಹೀರಿಕೊಂಡಿತು, ಮೊದಲ ಮಳೆಯ ಮಣ್ಣಿನ ವಾಸನೆ ಬಂತು. ಮಂಗಳೂರು ಹಂಚು! ಬಾಸೆಲ್ ಮಿಷನ್‌ನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಎಷ್ಟು ಮನೆಯ ಹಂಚು ಒಡೆದು ಕಡಲಿಗೆ ಬಿದ್ದಿದೆಯೋ. ಅದನ್ನು ಎಸೆಯಲಿಲ್ಲ, ತುಳಸಿಕಟ್ಟೆಯ ಮೇಲಿದೆ.

ಈಗ ಹೊಳಪಿನ ವಿಷಯ. ಮಗ ಒಂದು ಟಂಬ್ಲರ್ ತಂದುಕೊಡುತ್ತೇನೆ ಅಂದಾಗ ನಾನು ಕಾಫಿ ಲೋಟ ಅಂದುಕೊಂಡಿದ್ದೆ. ಅದು ರಬ್ಬರಿನ ಪುಟ್ಟ ಡಬ್ಬಿಯನ್ನು ನಿಧಾನಕ್ಕೆ ಉರುಳಿಸುವ ಯಂತ್ರ. ಕಡಲು ವರ್ಷಗಟ್ಟಲೆ ಮಾಡುವ ಕೆಲಸವನ್ನು ಒಂದು ತಿಂಗಳಲ್ಲಿ ಮಾಡುತ್ತದೆ. ಹಿತ್ತಿಲ ಜಗಲಿಯಲ್ಲಿಡಿ, ರಾತ್ರಿಯೆಲ್ಲ ಗೊರಗೊರ ಅನ್ನುತ್ತದೆ.

ಹೆಸರುಬೇಳೆ ಮತ್ತು ಕಡಲೆಕಾಳನ್ನು ಒಂದೇ ಪಾತ್ರೆಯಲ್ಲಿ ಬೇಯಿಸುತ್ತೀರಾ? ಇಲ್ಲ ಅಲ್ವಾ. ಇಲ್ಲೂ ಹಾಗೆಯೇ, ಒಂದೇ ಗಡಸಿನವು ಒಟ್ಟಿಗೆ. ನಾನು ಮೊದಲ ಸಲ ಬೆಣಚುಕಲ್ಲು, ಚಿಪ್ಪು, ಹಂಚಿನ ಚೂರು ಎಲ್ಲ ಸೇರಿಸಿ ಹಾಕಿದ್ದೆ. ವಾರದ ಮೇಲೆ ಮುಚ್ಚಳ ತೆಗೆದರೆ ಒಳಗೆ ರಾಗಿ ಅಂಬಲಿ. ಹಂಚು, ಚಿಪ್ಪು ಪತ್ತೆಯಿಲ್ಲ. ಬೆಣಚುಕಲ್ಲಿಗೆ ಒಳ್ಳೆಯ ಹೊಳಪು ಬರುತ್ತದೆ. ಕರಿಕಲ್ಲಿಗೆ ಮಂದ ಹೊಳಪು. ಕಗ್ಗಲ್ಲಿನಲ್ಲಿ ಕಾಗೆಬಂಗಾರ ಕಿತ್ತುಹೋಗಿ ಸಿಡುಬಿನ ಕಲೆಯಂತೆ ಗುಳಿ ಉಳಿಯುತ್ತದೆ. ಮುರಕಲ್ಲನ್ನು ಹಾಕಲೇಬೇಡಿ.

ಡಬ್ಬಿಯ ಮುಕ್ಕಾಲು ಭಾಗ ಕಲ್ಲು, ದೊಡ್ಡದು ಸಣ್ಣದು ಬೆರೆತಿರಲಿ. ನೀರು ಮೇಲಿನ ಕಲ್ಲಿಗೆ ಸ್ವಲ್ಪ ಕೆಳಗೇ ನಿಲ್ಲಬೇಕು. ಒಂದು ಕಿಲೋ ಕಲ್ಲಿಗೆ ನಾಲ್ಕು ದೊಡ್ಡ ಚಮಚ ಸಿಲಿಕಾನ್ ಕಾರ್ಬೈಡ್ ಪುಡಿ, ಕಲ್ಲನ್ನು ಸವೆಸುವುದು ಅದೇ. ಮೊದಲು ತರಿ, ಅಂದರೆ 60/90 ನಂಬರಿನದು. ಆಮೇಲೆ ಅದಕ್ಕಿಂತ ನಯವಾದ 220, ಆಮೇಲೆ ಇನ್ನೂ ನಯವಾದ 500, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡಿನ ಪಾಲಿಶ್ ಪುಡಿ. ಒಂದೊಂದಕ್ಕೆ ಒಂದು ವಾರ. ಕಡಲೇ ಉರುಟು ಮಾಡಿಕೊಟ್ಟಿರುವ ಕಲ್ಲಿಗೆ ಮೊದಲ ಹಂತ ಮೂರು ನಾಲ್ಕು ದಿನ ಸಾಕಾಗಬಹುದು. ದಿನಕ್ಕೊಮ್ಮೆ ಮುಚ್ಚಳ ತೆರೆದು ಗಾಳಿ ಬಿಡಿ, ಕೆಲವು ಕಲ್ಲಿಗೆ ಒಳಗೆ ಗ್ಯಾಸ್ ಕಟ್ಟುತ್ತದೆ.

ಪುಡಿ ಬದಲಿಸುವಾಗ ಕಲ್ಲು, ಡಬ್ಬಿ, ಮುಚ್ಚಳದ ಸಂದಿ ಎಲ್ಲವನ್ನೂ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ತೊಳೆಯಿರಿ. ತರಿಯ ಒಂದೇ ಕಾಳು ಉಳಿದರೂ ಕೊನೆಯ ವಾರದ ಕೆಲಸವೆಲ್ಲ ನೀರಲ್ಲಿ ಹೋಮ. ತೊಳೆದ ಕೆಸರನ್ನು ಬಚ್ಚಲಿಗೆ ಸುರಿಯಬೇಡಿ. ನಾನು ಸುರಿದೆ. ಪೈಪಿನೊಳಗೆ ಸಿಮೆಂಟಿನ ಹಾಗೆ ಕೂತುಬಿಟ್ಟಿತು. ಪ್ಲಂಬರ್ ಬಂದು ಪೈಪ್ ಕೊಯ್ದು ತೆಗೆದ. ಬಕೆಟ್‌ನಲ್ಲಿ ತಂಗಲು ಬಿಟ್ಟು, ತಿಳಿನೀರು ಚೆಲ್ಲಿ, ತಳದ್ದನ್ನು ಕಸಕ್ಕೆ ಕಟ್ಟಿ ಹಾಕಿ.

ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ಕಾರಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್ ತನ್ನಿ, 220ರಿಂದ ಶುರು ಮಾಡಿ 400, 800, 1200, 2000. ಟಿವಿ ನೋಡುತ್ತಾ ಉಜ್ಜಿ. ಆದರೆ ನೀರಿಲ್ಲದೆ ಉಜ್ಜಬೇಡಿ, ಬೆಣಚುಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ತೆಂಗಿನೆಣ್ಣೆ ಹಚ್ಚಿ ಹೊಳಪು ಬಂತು ಅನ್ನುವವರೂ ಇದ್ದಾರೆ. ಅದು ಎರಡು ದಿನದ ಶೋಕಿ, ಮೂರನೇ ದಿನ ಧೂಳು ಮೆತ್ತಿಕೊಂಡಿರುತ್ತದೆ.

ಎಲ್ಲ ಮುಗಿದ ಮೇಲೆ ಬಾರ್ ಸೋಪು ತುರಿದು ಹಾಕಿ, ನೀರಿನ ಜೊತೆ ಅರ್ಧ ದಿನ ಉರುಳಿಸಿ. ತೊಳೆದು, ಒಣಗಿಸಿ, ಕಿಟಕಿಯ ಹತ್ತಿರ ಹಿಡಿಯಿರಿ. ಒಣಗಿದ ಕಲ್ಲಿನಲ್ಲೂ ಕಿಟಕಿಯ ಸರಳು ಎಣಿಸುವ ಹಾಗೆ ಕಂಡರೆ ಆಯಿತು. ಇಲ್ಲವಾದರೆ ಇನ್ನೊಂದು ವಾರ ಪಾಲಿಶ್ ಪುಡಿಗೇ ಹಾಕಿ.

ಎಲ್ಲವನ್ನೂ ಹೊಳೆಸಲೂ ಹೋಗಬೇಡಿ. ಪಾಲಿಶ್ ಮಾಡಿದ ಕಲ್ಲು ಕೈಯಲ್ಲಿ ಜಾರುತ್ತದೆ, ಐದು ಕಲ್ಲಿನ ಆಟಕ್ಕೆ ಆಗುವುದಿಲ್ಲ ಅಂತ ಮೊಮ್ಮಗಳ ತಕರಾರು. ಅವಳ ಐದನ್ನು ಬೇರೆ ತೆಗೆದು ಒಂದು ಹಳೇ ಸಾಸಿವೆ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ.